ಮೀನಿನ ಮೊದಲ ಮನೆ

ಸತ್ತವನ ಸ್ವೆಟರಿನೊಳಗೆ ಲಿನೊ ಚುರಾನ ತಲೆ ಸಿಕ್ಕಿಹಾಕಿಕೊಂಡಿತ್ತು. ಕೈಗಳೆರಡೂ ತೋಳಿನೊಳಗೆ ಅರ್ಧ ದಾರಿ ಹೋಗಿ ನಿಂತಿದ್ದವು. ಕತ್ತಿನ ಪಟ್ಟಿ ಮೂಗಿಗೆ ಬಿಗಿದಿತ್ತು. ಉಣ್ಣೆಯೊಳಗಿನ ಕತ್ತಲಲ್ಲಿ ಮೀನಿನ ವಾಸನೆ, ಒಲೆಯ ಸಗಣಿಹೊಗೆಯ ವಾಸನೆ, ಇವೆರಡರ ಅಡಿಯಲ್ಲಿ ಸೆವೆರೊ ಕುಟಿಪಾನದೇ ಆದ ಇನ್ನೊಂದು ವಾಸನೆ. ಹದಿಮೂರು ವರ್ಷದ ಹಿಂದೆ ಒಂದೇ ದೋಣಿಯಲ್ಲಿ ಕೂತಾಗ ಮೂಗಿಗೆ ಬಂದಿದ್ದ ವಾಸನೆ ಅದು.

"ಹೊಟ್ಟೆ ಒಳಗೆ ಎಳ್ಕೋ" ಎಂದಳು ಬಾಸಿಲಿಯಾ, ಸೆವೆರೊನ ಹೆಂಡತಿ. "ನಮ್ಮನೆಯವರು ಸಣಕಲು. ನಿನ್ನ ಹಾಗೆ ಊರೋರ ಮದುವೆ ಊಟ ತಿಂದು ಬೆಳೆದವರಲ್ಲ."

ಅವಳು ಎರಡು ಕೈಯಲ್ಲಿ ಜಗ್ಗಿದಾಗ ತಲೆ ಹೊರಗೆ ಬಂತು. ಬಂದ ಕೂಡಲೇ ಅವಳ ಮುಖ ಎದುರಿಗಿತ್ತು. ಲಿನೊ ಕಣ್ಣು ಕೆಳಗೆ ಹಾಕಿದ.

ಊರಿನ ಪದ್ಧತಿ ಹಾಗೆ. ಮಣ್ಣು ಮಾಡಿ ಬಂದ ಮೇಲೆ, ಸತ್ತವನ ಬಟ್ಟೆಬರೆ ಒಗೆಯುವ ಮೊದಲು, ಒಬ್ಬ ಅದನ್ನು ತೊಟ್ಟು ಅಂಗಳಕ್ಕೆ ಬರಬೇಕು. ಬಂದ ಮೇಲೆ ಅವನೇ ಸತ್ತವನು. ಅವನ ಸ್ವಂತ ಹೆಸರನ್ನು ಯಾರೂ ಕರೆಯುವಂತಿಲ್ಲ, ಅವನು ಸ್ವಂತ ದನಿಯಲ್ಲಿ ಮಾತಾಡುವಂತಿಲ್ಲ. ಊರಿನವರು ಒಬ್ಬೊಬ್ಬರಾಗಿ ಮುಂದೆ ಬಂದು, ಬದುಕಿದ್ದಾಗ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ಅವನು ಕ್ಷಮಿಸುತ್ತಾನೆ. ಆಮೇಲೆ ಹಿಂತಿರುಗಿ ನೋಡದೆ ಸರೋವರಕ್ಕೆ ನಡೆಯುತ್ತಾನೆ. ಅಲ್ಲಿ ಬಟ್ಟೆ ಕಳಚಿ ಒಗೆಯುವವರ ಕೈಗೆ ಕೊಟ್ಟು, ಮೇಲುಹೊದಿಕೆಯಾದ ಪೊಂಚೊ ಒಂದನ್ನು ಮಾತ್ರ ತಾನೇ ಒಗೆದು, ಎಲ್ಲವನ್ನೂ ದಡದಲ್ಲಿ ಸುಟ್ಟಾಗ ಸತ್ತವನು ನಿಜಕ್ಕೂ ಹೋದ ಎಂದು ಲೆಕ್ಕ.

ಸಾಮಾನ್ಯವಾಗಿ ಇದಕ್ಕೆ ಸತ್ತವನ ಎತ್ತರದವನನ್ನು ಆರಿಸುತ್ತಾರೆ. ಸೆವೆರೊನ ಎತ್ತರಕ್ಕೆ, ಮೈಕಟ್ಟಿಗೆ ಊರಿನ ಮುಖ್ಯಸ್ಥ ನಿಕಾನೊರ್ ಸರಿಹೊಂದುತ್ತಿದ್ದ. ಲಿನೊ ಬೆಳಗ್ಗೆ ಸಮಾಧಿಯ ಹತ್ತಿರವೇ ಹಾಗೆಂದು ಹೇಳಿ ನೋಡಿದ್ದ. ನನ್ನದು ದಪ್ಪ ಮೈ, ಅತ್ತಿಗೆ, ಹೊಲಿಗೆ ಬಿಟ್ಟುಹೋಗುತ್ತದೆ ಎಂದಿದ್ದ. ಬಾಸಿಲಿಯಾ ಕೈಯಲ್ಲಿದ್ದ ಮಣ್ಣನ್ನು ಗುಂಡಿಗೆ ಬಿಟ್ಟು, ಬೇರೆ ಯಾರಿಗೂ ಕೇಳದ ಹಾಗೆ ಉತ್ತರ ಕೊಟ್ಟಿದ್ದಳು.

"ಅವರೇ ಹೇಳಿಹೋದರು. ಲಿನೊ ನನ್ನ ಬಟ್ಟೆಯೊಳಗೆ ಕೂತರೆ ನನ್ನೆದುರು ಬಂದು ನಿಲ್ಲೋ ಕಷ್ಟ ಅವನಿಗೆ ತಪ್ಪತ್ತೆ ಅಂದ್ರು."

ಅದು ಕನಿಕರದ ಮಾತೋ ಕುಟುಕಿದ ಮಾತೋ ಎಂದು ಲಿನೊನಿಗೆ ತಿಳಿಯಲಿಲ್ಲ. ಯಾರ ಮಾತಿನ ಧಾಟಿಯನ್ನಾದರೂ ಒಂದೇ ಸಲ ಕೇಳಿ ಹಿಡಿದು, ಮದುವೆಮನೆಗಳಲ್ಲಿ ಅಣಕಿಸಿ ನಗಿಸುತ್ತಿದ್ದವನಿಗೆ ಈ ಒಂದು ಮಾತಿನ ಧಾಟಿ ಮಾತ್ರ ಕೈಗೆ ಸಿಗಲಿಲ್ಲ.

ಈಗ ಅಂಗಳದಿಂದ ಮಾತು ಕೇಳಿಸುತ್ತಿತ್ತು. ಕೋಕಾ ಎಲೆ ತುಂಬಿದ ದವಡೆಗಳ ನಿಧಾನದ ಮಾತು. ಸೆವೆರೊ ಎಂಥವನಿದ್ದ ಎಂದು ಅವರು ಕೂಡಿಸುತ್ತಿದ್ದರು. ಕೂಡಿಸಲು ಹೆಚ್ಚೇನೂ ಸಿಗುತ್ತಿರಲಿಲ್ಲ. ಜೊಂಡಿನ ದೋಣಿಯನ್ನು ಅವನಷ್ಟು ಬಿಗಿಯಾಗಿ ಕಟ್ಟುವವರಿರಲಿಲ್ಲವಂತೆ. ಬ್ರೆಡ್ಡು ಕಂಡರೆ ಆಗುತ್ತಿರಲಿಲ್ಲವಂತೆ. ಊರಹಬ್ಬದಲ್ಲಿ ಒಂದು ಸಲವೂ ಕುಣಿಯಲಿಲ್ಲವಂತೆ. ಆಮೇಲೆ ಉರ್ಸುಲಾಳ ದನಿ ಕೇಳಿತು. ಅವಳು ಲಿನೊನ ಹೆಂಡತಿ. ದನಿ ತಗ್ಗಿಸುವುದು ಅವಳಿಗೆ ಗೊತ್ತಿಲ್ಲ.

"ಏನೇ ಆಗಲಿ, ನಮ್ಮನೆಯವರು ಮಾಡೋ ಸೆವೆರೊ ಇದ್ದನಲ್ಲ, ಅವನು ಸೆವೆರೊಗಿಂತ ಚೆನ್ನಾಗಿದ್ದ."

ಎಲ್ಲರೂ ನಕ್ಕರು. ಬಾಸಿಲಿಯಾ ಪೊಂಚೊವನ್ನು ಅವನ ತಲೆಯ ಮೇಲಿಂದ ಇಳಿಸಿ, ಅದರ ಅಂಚಿನ ಎಳೆಗಳನ್ನು ಬೆರಳಲ್ಲಿ ಬಾಚಿ ನೇರ ಮಾಡತೊಡಗಿದಳು.

*

ಹದಿಮೂರು ವರ್ಷದ ಹಿಂದೆ, ಸೆವೆರೊನಿಗೆ ಮುಂದಿನ ಹಲ್ಲೆರಡೂ ಇರಲಿಲ್ಲ. ದೋಣಿಯ ಕೋಲು ಜಾರಿ ಬಾಯಿಗೆ ಬಡಿದಿತ್ತು. ಅಂದಿನಿಂದ ಅವನ ಸಕಾರವೆಲ್ಲ ಶಕಾರವಾಗಿ, ಕೊನೆಗೊಂದು ಸೀಟಿ ಸೇರಿ ಹೊರಗೆ ಬರುತ್ತಿತ್ತು. ಮಾತು ಶುರುಮಾಡುವ ಮೊದಲು ಬಲಗಿವಿಯನ್ನು ಎರಡು ಸಲ ಎಳೆದುಕೊಳ್ಳುತ್ತಿದ್ದ, ಮಾತು ಅಲ್ಲಿ ಅಂಟಿಕೊಂಡಿರುವ ಹಾಗೆ.

ಅವತ್ತು ಲಿನೊನ ದೋಣಿ ಕೊಳೆತು ದಡದಲ್ಲಿತ್ತು. ಸೆವೆರೊ ತನ್ನದಕ್ಕೆ ಹತ್ತಿಸಿಕೊಂಡ. ಬಲೆ ಹಾಕುವ ಜಾಗಕ್ಕೆ ಹೋಗದೆ ಜೊಂಡಿನ ಕಡೆ ತಿರುಗಿಸಿದ. ಬಾಸಿಲಿಯಾಳ ಹಳೆಯ ಒಳಲಂಗದ ಬಟ್ಟೆಯನ್ನು ಬಳೆಯಾಕಾರದ ಕಡ್ಡಿಗೆ ಹೊಲಿದು ಒಂದು ಜರಡಿ ಮಾಡಿಕೊಂಡಿದ್ದ. ಅದನ್ನು ಲಿನೊನ ಕೈಗೆ ಕೊಟ್ಟು, ಮೊದಲು ಹಸಿರು ಜೊಂಡಿನ ಬುಡದಲ್ಲಿ ಎತ್ತು ಎಂದ. ಲಿನೊ ಎತ್ತಿದ. ಕರಚಿ ಮೀನಿನ ಮರಿ ಮೂರು ಸಿಕ್ಕವು, ಉಗುರಿನಷ್ಟು. ಇನ್ನು ಅಲ್ಲಿ ಎತ್ತು ಎಂದ. ಅಲ್ಲಿ ಎಂದರೆ ಯಾರಿಗೂ ಬೇಡವಾದ, ಹಸು ಮೂಸಿಯೂ ನೋಡದ, ಒಣಗಿ ಬಾಗಿ ಒಂದರ ಮೇಲೊಂದು ಮಲಗಿದ ಹಳೆಯ ಜೊಂಡು. ಲಿನೊ ಎತ್ತಿದ. ಜರಡಿಯ ತುಂಬ ಒದ್ದೆ ಸಾಸಿವೆ ಸಿಡಿದ ಹಾಗೆ ಮರಿಗಳು.

"ಇದು ಮೊದಲನೇ ಮನೆ" ಎಂದ ಸೆವೆರೊ, ಕಿವಿ ಎಳೆದುಕೊಂಡು. ಹೆಬ್ಬೆರಳಿನ ಉಗುರು ತೋರಿಸಿದ. "ಇಷ್ಟಿರೋ ತನಕ ಇಲ್ಲೇ. ಇಲ್ಲಿ ಹೊಟ್ಟೆಗೆ ಶರಿಯಾಗಿ ಶಿಗಲ್ಲ, ಆದರೂ ಇಲ್ಲೇ. ಬೆರಳಷ್ಟಾದಾಗ ಆಚೆ ನೀರುಹುಲ್ಲಿಗೆ ಹೋಗ್ತವೆ, ಅದು ಎರಡನೇದು. ಅಂಗೈಯಷ್ಟಾದರೆ ಆಳಕ್ಕೆ. ಅಲ್ಲಿ ಊಟ ಬಹಳ, ಬಾಯಿನೂ ಬಹಳ. ಹಶಿವು ದೊಡ್ಡದೋ ಹೆದರಿಕೆ ದೊಡ್ಡದೋ ಅಂತ ದಿನಾ ತೂಗಿ ನೋಡ್ತವೆ ಕಣೋ. ಹೆದರಿಕೆಗಿಂತ ಹಶಿವು ದೊಡ್ಡದಾದ ದಿನ ಮನೆ ಬದಲಾಯಿಶ್ತವೆ."

ಅದಕ್ಕೆ ಮುಂಚೆಯೇ ಮನೆ ಕಿತ್ತುಹೋದರೆ ಎಂದು ಲಿನೊ ಕೇಳಿದ್ದ. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದ. ಸೆವೆರೊ ಜರಡಿಯನ್ನು ನೀರಿಗೆ ಇಳಿಸಿ, ಕೊನೆಯ ಮರಿ ಹೊರಗೆ ಹೋಗುವವರೆಗೆ ಹಿಡಿದಿದ್ದು, ಆಮೇಲೆ ಉತ್ತರ ಹೇಳಿದ್ದ. ಆ ಉತ್ತರವನ್ನು ಪೂರ್ತಿ ಕೇಳಿದವನು ಊರಿನಲ್ಲಿ ಲಿನೊ ಒಬ್ಬನೇ.

*

ಅಂಗಳದಲ್ಲಿ ಸೆವೆರೊನ ಮರದ ಮಣೆಯನ್ನು ಗೋಡೆಗೆ ಹೊಂದಿಸಿ ಇಟ್ಟಿದ್ದರು. ಮಳೆಯಿಲ್ಲದ ಜುಲೈ ತಿಂಗಳ ಒಣಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು. ಲಿನೊ ಬಾಗಿಲು ದಾಟಿ ಬಂದು ಕೂತ. ಸೆವೆರೊನ ಟೋಪಿ ಅವನ ತಲೆಗೆ ಚಿಕ್ಕದಾಗಿ ನೆತ್ತಿಯ ಮೇಲೆ ಬಟ್ಟಲಿನ ಹಾಗೆ ಕೂತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು, ನಗು ಮುಚ್ಚುವ ಕೆಮ್ಮು.

ಮೊದಲು ಬಂದವನು ನಿಕಾನೊರ್. ಮಂಡಿಯೂರಿ, ನಿನ್ನ ದೋಣಿಯ ಕೋಲು ತಗೊಂಡುಹೋಗಿ ಮುರಿದು, ಹೇಳದೆ ಒಲೆಗಿಟ್ಟೆ, ಕ್ಷಮಿಸು ಎಂದ. ಲಿನೊ ಬಲಗಿವಿಯನ್ನು ಎರಡು ಸಲ ಎಳೆದುಕೊಂಡ. ಅಷ್ಟಕ್ಕೇ ಅಂಗಳದಲ್ಲಿ ಒಂದು ಅಲೆ ಎದ್ದಿತು.

"ಶರಿ ಬಿಡು" ಎಂದ ಲಿನೊ. "ಶುಟ್ಟಿದ್ದು ಶುಟ್ಟಾಯ್ತು."

ಅಂಗಳ ಭೋರೆಂದು ನಕ್ಕಿತು. ಸಾವಿನ ಮನೆಯಲ್ಲಿ ಈ ಹೊತ್ತಿನಲ್ಲಿ ನಗುವುದು ತಪ್ಪಲ್ಲ. ಸತ್ತವನನ್ನು ನಗಿಸಿ ಕಳಿಸುವುದು ಒಳ್ಳೆಯದೆಂದೇ ಹಿರಿಯರು ಹೇಳುತ್ತಾರೆ. ಮುಂದೆ ಬಂದವಳು ಅವನ ಕುರಿಯ ಕಿವಿಗುರುತು ಬದಲಿಸಿದ್ದಳು. ಅವಳ ಹಿಂದಿನವನು ಅವನಿಲ್ಲದಾಗ ಅವನನ್ನು ಜಿಪುಣ ಎಂದಿದ್ದ. ಇನ್ನೊಬ್ಬನಿಗೆ ತಪ್ಪೇನೂ ನೆನಪಾಗದೆ, ಏನೋ ಒಂದು ಮಾಡಿರ್ತೀನಿ, ನೀನೇ ನೆನಪಿಸ್ಕೊಂಡು ಕ್ಷಮಿಸು ಎಂದ. ಎಲ್ಲರಿಗೂ ಶಕಾರದಲ್ಲಿ ಕ್ಷಮೆ ಸಿಕ್ಕಿತು. ಲಿನೊನ ಬಾಯಿ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಅದಕ್ಕೆ ಯಾವಾಗಲೂ ಅವನ ಅಪ್ಪಣೆ ಬೇಕಾಗಿರಲಿಲ್ಲ.

ಬಾಗಿಲ ಹತ್ತಿರ ಬಾಸಿಲಿಯಾ ಕರಿ ಶಾಲು ಹೊದ್ದು ನಿಂತಿದ್ದಳು. ಪ್ರತಿ ಸಲ ನಗು ಎದ್ದಾಗ ಅವಳ ತಲೆ ಒಂದಿಷ್ಟು ಕೆಳಗೆ ಹೋಗುತ್ತಿತ್ತು. ಲಿನೊ ಅದನ್ನು ನೋಡಿದ. ನೋಡಬಾರದೆಂದುಕೊಂಡು ಮತ್ತೆ ನೋಡಿದ.

*

ಹನ್ನೊಂದು ವರ್ಷದ ಹಿಂದಿನ ಊರಸಭೆಯಲ್ಲೂ ಬಿಸಿಲು ಹೀಗೇ ಇತ್ತು. ಶಾಲೆಯ ಅಂಗಳ. ಹಳೆಯ ಜೊಂಡಿಗೆ ಬೆಂಕಿ ಇಟ್ಟರೆ ಹೊಸ ಚಿಗುರು ಬರುತ್ತದೆ, ದನ ಕುರಿಗೆ ಮೇವಾಗುತ್ತದೆ ಎಂಬುದು ಚರ್ಚೆ. ಜೊಂಡು ಸುಡುವುದು ಹೊಸದಲ್ಲ. ಪಾಲುಪಾಲಾಗಿ ಎಲ್ಲರೂ ಸುಡುತ್ತಿದ್ದರು. ಕೊಲ್ಲಿಯ ಬಾಯಿಯ ಆ ಒಂದು ಹಳೇ ತುಂಡು ಯಾರ ಪಾಲಿಗೂ ಸೇರದೆ ಉಳಿದಿತ್ತು. ಅದನ್ನು ಮುಟ್ಟಬೇಡಿ ಎಂದು ಸೆವೆರೊ ಎದ್ದು ನಿಂತ. ಜೀವನದಲ್ಲಿ ಮೊದಲ ಸಲ ಸಭೆಯಲ್ಲಿ ಎದ್ದು ನಿಂತಿದ್ದ.

ಕಿವಿ ಎಳೆದುಕೊಂಡ. ಉಗುರು ತೋರಿಸಿದ, ಬೆರಳು ತೋರಿಸಿದ, ಅಂಗೈ ತೋರಿಸಿದ. ಜರಡಿಯಲ್ಲಿ ಎಷ್ಟು ಸಲ ಎಷ್ಟು ಸಿಕ್ಕವು ಎಂದು ಹೇಳಿದ. ಸೆವೆರೊ ಮೀನ ಎಣಿಸುತ್ತಿದ್ದ, ಸಭೆ ಮೇಷ ಎಣಿಸುತ್ತಿತ್ತು. ಆದರೂ ಜನ ಕೇಳತೊಡಗಿದ್ದರು. ಮುಂದಿನ ಸಾಲಿನ ಮುದುಕರು ತಲೆದೂಗುತ್ತಿದ್ದರು. ನಿಕಾನೊರ್ ಬರೆದುಕೊಳ್ಳಲು ಪೆನ್ನಿನ ಮುಚ್ಚಳ ತೆಗೆದಿದ್ದ.

"ಮೊದಲನೇ ಮನೆ ಇಲ್ಲದೇ ಹೋದರೆ" ಎಂದು ಹೇಳಿ ಸೆವೆರೊ ಉಸಿರು ತೆಗೆದುಕೊಂಡ.

ಆ ಉಸಿರಿನ ಸಂದಿನಲ್ಲಿ, ಹಿಂದಿನ ಸಾಲಿನಿಂದ, ಅದೇ ದನಿ, ಅದೇ ಸೀಟಿ: "ಮೀನೆಲ್ಲ ನಿಕಾನೊರ್ ಮನೆಗೆ ಬಾಡಿಗೆಗೆ ಬರ್ತವೆ. ಹಾಶಿಗೆ ಶಣ್ಣದು, ಶ್ವಲ್ಪ ಶರ್ಕೊಂಡು ಮಲಗಬೇಕು, ಅಷ್ಟೇ."

ಹೇಳಬೇಕೆಂದು ಲಿನೊ ಯೋಚಿಸಿರಲಿಲ್ಲ. ಜಾಗ ಖಾಲಿ ಕಂಡಿತು, ಮಾತು ಹೋಗಿ ಕೂತಿತು. ನಿಕಾನೊರ್‌ನ ಹೆಂಡತಿ ನಕ್ಕು ನಕ್ಕು ಗೋಡೆ ಹಿಡಿದಳು. ತಲೆದೂಗುತ್ತಿದ್ದ ಮುದುಕರೂ ಕಣ್ಣೊರೆಸಿಕೊಂಡರು. ಮತ್ತೆ ಮಾಡೋ ಎಂದರು. ಲಿನೊ ಕಿವಿ ಎಳೆದುಕೊಂಡು ಮತ್ತೆ ಮಾಡಿದ. ನಗು ಇಳಿಯುವ ಮೊದಲೇ ಯಾರೋ ಸುಡೋಕೆ ಒಪ್ಪಿಗೆ ಇರೋರು ಕೈ ಎತ್ತಿ ಎಂದರು. ನಗುತ್ತಲೇ ಕೈಗಳು ಎದ್ದವು. ಎತ್ತಿದ ಕೈಗಳಲ್ಲಿ ಲಿನೊನದೂ ಇತ್ತು. ಸೆವೆರೊನ ಕೈ ಅಂಗೈಯಷ್ಟು ಮೀನು ತೋರಿಸುತ್ತ ಗಾಳಿಯಲ್ಲೇ ನಿಂತಿತ್ತು. ನಿಕಾನೊರ್ ಅದನ್ನೂ ಎಣಿಸಿಕೊಂಡ.

ಆ ವಾರ ಸುಟ್ಟರು. ಮೂರು ತಿಂಗಳಿಗೆ ಸೆವೆರೊ ಪುನೊ ಪೇಟೆಗೆ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದ. ಸೀಟಿ ಹೋಯಿತು, ಶಕಾರ ಹೋಯಿತು, ಕಿವಿ ಎಳೆದುಕೊಳ್ಳುವುದನ್ನೂ ಬಿಟ್ಟ. ಮಾತಾಡಲೇಬೇಕಾದಾಗ ಬಾಯಿಗೆ ಅಂಗೈ ಅಡ್ಡ ಹಿಡಿದು ತಗ್ಗಿದ ದನಿಯಲ್ಲಿ ಹೇಳಿ ಮುಗಿಸುತ್ತಿದ್ದ. ಆದರೆ ಮದುವೆಗಳಲ್ಲಿ ಲಿನೊ ಮಾಡುತ್ತಿದ್ದ ಸೆವೆರೊನಿಗೆ ಹಲ್ಲು ಬರಲೇ ಇಲ್ಲ. ಊರಿನ ಮಕ್ಕಳು ಆ ಸೆವೆರೊನನ್ನೇ ಕಂಡು ಬೆಳೆದರು. ನಿಜದ ಸೆವೆರೊ ಮೂಲೆಯಲ್ಲಿ ಸೂಪಿನ ಬಟ್ಟಲು ಹಿಡಿದು, ತುಟಿ ಬಿಚ್ಚದೆ ನಗುತ್ತ ಕೂತಿರುತ್ತಿದ್ದ.

ನಾಲ್ಕನೆಯ ವರ್ಷಕ್ಕೆ ಕರಚಿ ಕಡಿಮೆಯಾಯಿತು. ಬಲೆ ಸರಿಯಿಲ್ಲ ಎಂದರು. ಸಣ್ಣ ಕಣ್ಣಿನ ಬಲೆ ತಂದರು. ಆಮೇಲೆ ಇನ್ನೂ ಸಣ್ಣದು.

*

ಸಾಲು ಮುಗಿಯಿತು. ಲಿನೊ ಏಳಲು ಮಂಡಿಗೆ ಕೈ ಊರಿದಾಗ ಬಾಸಿಲಿಯಾ ಬಾಗಿಲು ಬಿಟ್ಟು ಬಂದಳು. ಗಂಡನೆದುರು ಹೆಂಡತಿ ನಿಲ್ಲುವ ಹಾಗೆ, ಸ್ವಲ್ಪ ಪಕ್ಕಕ್ಕೆ ನಿಂತಳು.

"ನಂದು ಕ್ಷಮೆ ಕೇಳೋದು ಏನಿಲ್ಲ, ಕೊಡೋದೂ ಏನಿಲ್ಲ" ಎಂದಳು. "ನಲವತ್ತಾರು ವರ್ಷ ಜೊತೆಗಿದ್ವಿ, ಆವಾಗಾವಾಗಲೇ ಚುಕ್ತಾ ಆಗಿದೆ. ಒಂದು ಮಾತು ಮಾತ್ರ ಉಳಿದಿದೆ. ಅವತ್ತು ಸಭೇಲಿ ಏನೋ ಹೇಳ್ತಿದ್ರಿ. ಮೊದಲನೇ ಮನೆ ಇಲ್ಲದೇ ಹೋದರೆ ಅಂದ್ರಿ. ಮನೇಲಿ ನಾನು ಎಷ್ಟು ಸಲ ಕೇಳಿದರೂ ಹೇಳಲಿಲ್ಲ. ಹೇಳಿ ಮುಗಿಸಿ ಹೋಗಿ."

ಅಂಗಳ ಹುರುಪಿನಿಂದ ಮುಂದಕ್ಕೆ ಬಾಗಿತು. ಹಳೆಯ ಬಾಡಿಗೆ ಮೀನಿನ ಆಟವನ್ನೇ ವಿಧವೆ ಕೇಳುತ್ತಿದ್ದಾಳೆ ಎಂದುಕೊಂಡಿತು. ಉರ್ಸುಲಾ ಪಕ್ಕದವಳ ತೋಳು ತಿವಿದು, ಈಗ ನೋಡು ಎಂದಳು.

ಲಿನೊನ ಕೈ ರೂಢಿಯಂತೆ ಬಲಗಿವಿಗೆ ಹೋಯಿತು. "ಮೊದಲನೇ ಮನೆ ಇಲ್ಲದೇ ಹೋದರೆ, ಶಣ್ಣ" ಎನ್ನುತ್ತಿದ್ದಂತೆಯೇ ನಗು ಸಿಡಿಯಿತು. ಬಾಸಿಲಿಯಾಳ ತಲೆ ಈ ಸಲ ಪೂರ್ತಿ ಕೆಳಗೆ ಹೋಯಿತು. ಬೈತಲೆಯ ಬಿಳಿ ಗೆರೆ ಮಾತ್ರ ಕಂಡಿತು.

ಲಿನೊ ನಿಲ್ಲಿಸಿದ. ಕೈ ಕಿವಿಯಿಂದ ಇಳಿಯಿತು. ಇಳಿದ ಕೈ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಒಂದು ಕ್ಷಣ ನಿಂತು, ನಿಧಾನಕ್ಕೆ ಬಾಯಿಗೆ ಅಡ್ಡ ಬಂತು. ಅದರ ಹಿಂದಿನಿಂದ ಒಂದು ದನಿ ಬಂತು, ತಗ್ಗಿದ, ಸೀಟಿಯಿಲ್ಲದ ದನಿ. ವಾಕ್ಯದ ಕೊನೆಗೆ ತಾನೇ ಹಿಂದೆ ಸರಿದು ದಾರಿ ಬಿಡುವ ದನಿ. ಹನ್ನೊಂದು ವರ್ಷ ಲಿನೊ ಅದನ್ನು ಕೇಳಿಸಿಕೊಂಡಿದ್ದ, ಒಂದೊಂದು ಉಸಿರೂ ಅವನಿಗೆ ಬಾಯಿಪಾಠವಿತ್ತು. ನಗು ಬರುವುದಿಲ್ಲವಾದ್ದರಿಂದ ಯಾವತ್ತೂ ಆಡಿರಲಿಲ್ಲ.

"ಮೊದಲನೇ ಮನೆ ಇಲ್ಲದೇ ಹೋದರೆ, ಸಣ್ಣ ಮರಿಗಳು ದೊಡ್ಡದಾಗೋ ಮೊದಲೇ ಎರಡನೇ ಮನೆಗೆ ಹೋಗ್ತವೆ. ಧೈರ್ಯ ಬಂದು ಹೋಗೋದಲ್ಲ. ಇರೋಕೆ ಜಾಗ ಇಲ್ಲದೆ ಹೋಗೋದು. ಅಲ್ಲಿ ಅವನ್ನ ತಿಂತವೆ. ತಿನ್ನೋದು ನಮಗೆ ಕಾಣಲ್ಲ. ಸದ್ದೂ ಆಗಲ್ಲ. ನಾವು ವರ್ಷಗಟ್ಟಲೆ ಬಲೆನ ಬೈತಾ ಇರ್ತೀವಿ."

ಮೊದಲು ಯಾರೂ ಇದು ಯಾರ ದನಿ ಎಂದು ಗುರುತು ಹಿಡಿಯಲಿಲ್ಲ. ಮುಂದೆ ಕೂತ ಹುಡುಗಿಯೊಬ್ಬಳು, ಇದು ಸೆವೆರೊ ತಾತನ ಹಾಗಿಲ್ಲ ಎಂದಳು. ಅವಳ ತಾಯಿ ಅವಳ ಬಾಯಿ ಮುಚ್ಚಿದಳು. ಬಾಸಿಲಿಯಾ ಒಬ್ಬಳೇ ತಲೆ ಎತ್ತಿದ್ದಳು. ಮಣೆಯ ಮೇಲೆ ಕೂತವನನ್ನಲ್ಲ, ಆ ಅಂಗೈಯನ್ನು ನೋಡುತ್ತಿದ್ದಳು. ನಿಕಾನೊರ್ ತನ್ನ ಬಲಗೈಯನ್ನು ಪೊಂಚೊದೊಳಗೆ ಸೇರಿಸಿಕೊಂಡ.

ನಿಕಾನೊರ್ ಗಂಟಲು ಸರಿಮಾಡಿಕೊಂಡು, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. "ಇನ್ನೊಬ್ಬ ಉಳಿದಿದ್ದಾನೆ, ಸೆವೆರೊ ಅಣ್ಣ. ಎಲ್ಲರೂ ಬಂದರು, ನಿನ್ನ ಆಡಿಕೊಂಡೋನು ಬರಲಿಲ್ಲ. ಅವನ ಹೆಸರು ಇವತ್ತು ಹೇಳೋ ಹಾಗಿಲ್ಲ. ಅವನನ್ನೂ ಒಂದು ಮಾತಲ್ಲಿ ಕ್ಷಮಿಸಿಬಿಡು, ಮುಗಿದುಹೋಗಲಿ."

ಹೌದು ಹೌದು ಎಂದು ಎಲ್ಲರೂ ಅಂದರು. ಉರ್ಸುಲಾ ಕೂಡ ಅಂದಳು, ಮೊದಲ ಸಲ ದನಿ ತಗ್ಗಿಸಿ. ಎಲ್ಲರಿಗೂ ಅದು ಬೇಗ ಬೇಕಾಗಿತ್ತು; ಅವನಿಗೆ ಸಿಕ್ಕರೆ ನಕ್ಕವರಿಗೂ ಸಿಕ್ಕ ಹಾಗೆ.

ಎಷ್ಟು ಸುಲಭವಾಗಿತ್ತು. ದನಿ ಇನ್ನೂ ಗಂಟಲಲ್ಲೇ ಇತ್ತು. ನಾಲ್ಕು ಶಬ್ದ. ಸೆವೆರೊ ಹೇಳಿದ್ದರೆ ಹೇಗೆ ಹೇಳುತ್ತಿದ್ದ, ಎಲ್ಲಿ ತಡೆಯುತ್ತಿದ್ದ, ಎಲ್ಲಿ ಅಂಗೈ ಸರಿಸುತ್ತಿದ್ದ ಎಂಬುದೆಲ್ಲ ಲಿನೊನಿಗೆ ಗೊತ್ತಿತ್ತು. ಸೆವೆರೊನೇ ಹೇಳಿದ ಹಾಗೆ ಕೇಳಿಸುತ್ತಿತ್ತು. ಬಾಸಿಲಿಯಾ ಕೂಡ ನಂಬುತ್ತಿದ್ದಳು.

ಲಿನೊ ಬಾಯಿ ತೆರೆದ. ಸ್ವೆಟರಿನ ತೋಳು ಮಣಿಕಟ್ಟಿಗಿಂತ ಮೇಲೆ ಬಿಗಿದು ನಿಂತಿತ್ತು, ತನ್ನದೇ ದಪ್ಪ ಕೈ ಅದರಿಂದ ಹೊರಗೆ ಚಾಚಿಕೊಂಡಿತ್ತು. ಅವನು ಬಾಯಿ ಮುಚ್ಚಿದ. ಎದ್ದು, ಯಾರ ಮುಖವನ್ನೂ ನೋಡದೆ, ಸರೋವರದ ದಾರಿ ಹಿಡಿದ.

*

ಕೊಲ್ಲಿಯ ಬಾಯಿಯಲ್ಲಿ ಈಗ ಜೊಂಡೆಂದರೆ ಹಸು ಮೇದುಳಿದ ಗಿಡ್ಡ ಕೂಳೆ. ಅದರಾಚೆ ಬರಿ ನೀರು, ತಳದ ಮರಳು ಕಾಣುವಷ್ಟು ತೆಳು. ಹೆಂಗಸರು ಕಲ್ಲುಗಳ ಮೇಲೆ ಸೆವೆರೊನ ಅಂಗಿ ಚಡ್ಡಿಗಳನ್ನು ಕುಸುಬಿದರು. ಬಾಸಿಲಿಯಾ ದೂರದ ಕಲ್ಲಿನಲ್ಲಿ ಸ್ವೆಟರ್ ತಿಕ್ಕುತ್ತಿದ್ದಳು. ಬಟ್ಟೆಗಳನ್ನು ಬೆಂಕಿಯ ಕಾವಿನಲ್ಲೇ ಒಣಗಿಸಿ, ಆಮೇಲೆ ಅದರಲ್ಲೇ ಸುಡಲು ಸಗಣಿಬೆರಣಿ ಒಟ್ಟಿದ್ದರು.

ಪೊಂಚೊ ಒಗೆಯುವುದು ಲಿನೊನ ಪಾಲು. ಅವನು ಕಳಚಿಟ್ಟಿದ್ದ ಅದನ್ನು ಎತ್ತಿಕೊಂಡು, ಮಂಡಿಯುದ್ದ ನೀರಿಗೆ ಇಳಿದು ಹರಡಿ, ಎರಡು ಮೂಲೆಗೆ ಕಲ್ಲಿಟ್ಟು ನೆನೆಯಲು ಬಿಟ್ಟ. ತಣ್ಣಗಿನ ನೀರು ಮೂಳೆಗೆ ಇಳಿಯಿತು. ಇನ್ನು ಸ್ವಂತ ದನಿಯಲ್ಲಿ ಮಾತಾಡಬಹುದಿತ್ತು. ಏನಾದರೂ ಬರುತ್ತದೆಯೇ ಎಂದು ಕಾದ. ಬರಲಿಲ್ಲ. ತನ್ನದೇ ಅಂಗಿಯ ತೋಳಲ್ಲಿ ಮುಖ ಒರೆಸಿಕೊಂಡ.

ಹೆಂಗಸರ ಕೆಲಸ ಮುಗಿಯುತ್ತ ಬಂದಾಗ ಪೊಂಚೊ ಎತ್ತಲು ಬಾಗಿದ. ಬಾಗಿದವನು ಹಾಗೇ ನಿಂತ.

ಮನೆಯೊಳಗೆ ಬಾಸಿಲಿಯಾ ಬಾಚಿ ನೇರ ಮಾಡಿದ್ದ ಅಂಚಿನ ಎಳೆಗಳು ನೀರಲ್ಲಿ ಬಿಚ್ಚಿಕೊಂಡು ಮೆಲ್ಲಗೆ ತೂಗುತ್ತಿದ್ದವು. ಅವುಗಳ ನಡುವೆ ಏನೋ ಮಿನುಗಿ ಒಳಗೆ ಸರಿಯಿತು. ಮತ್ತೊಂದು. ಉಗುರಿನಷ್ಟು ಉದ್ದ. ಪೊಂಚೊದ ನೆರಳಿನ ಒಳಗೆ, ಎಳೆ ಎಳೆಯ ಸಂದಿನಲ್ಲಿ ತಲೆ ತೂರಿಸಿ, ಬಾಲ ಮಾತ್ರ ಅಲುಗಿಸುತ್ತ ಹತ್ತೋ ಹದಿನೈದೋ ಮರಿಗಳಿದ್ದವು. ಸುತ್ತಲಿನ ಬೋಳು ಮರಳಿನ ಮೇಲಿಂದ ಇನ್ನೂ ಒಂದೆರಡು ತಡವರಿಸುತ್ತ ಬರುತ್ತಿದ್ದವು.

ದಡದಿಂದ ನಿಕಾನೊರ್ ಕರೆದ. ಹೊತ್ತು ಇಳಿಯುತ್ತಿದೆ, ಬೆಂಕಿ ಹಚ್ಚಬೇಕು, ಪೊಂಚೊ ತಾ ಎಂದ. ಉರ್ಸುಲಾ ಕರೆದಳು, ಹೆಸರು ಹಿಡಿದೇ ಕರೆದಳು. ಲಿನೊ ತಿರುಗಲಿಲ್ಲ. ಅವನ ನೆರಳು ಬಿದ್ದರೆ ಹೆದರಿಯಾವೆಂದು ಸೂರ್ಯನಿಗೆ ಅಡ್ಡವಾಗದ ಹಾಗೆ ಪಕ್ಕಕ್ಕೆ ಅರ್ಧ ಹೆಜ್ಜೆ ಸರಿದು, ತೇಲುತ್ತಿದ್ದ ಪೊಂಚೊದ ಮೂರನೆಯ ಮೂಲೆಯನ್ನು ಎರಡು ಕೈಯಲ್ಲಿ ಹಿಡಿದು, ನೀರಿನಿಂದ ಮೇಲಕ್ಕೆ ಬಾರದ ಹಾಗೆ ಒತ್ತಿಕೊಂಡು ನಿಂತ.